ಗಂಭೀರ ಅಪರಾಧಗಳ ವಿಚಾರಣೆ ಮತ್ತು ದೇಶಗಳ ನಡುವಿನ ಸಹಕಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ನ್ಯಾಯಾಲಯದಲ್ಲಿ ವಕೀಲಿ ವೃತ್ತಿ ನಡೆಸುವ ನಾನು ಬೇಲೂರು, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಕಾನೂನು ಅರಿವು ಸಭೆಗಳಿಗೆ ಹೋದಾಗಲೆಲ್ಲ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ. ಕೇಳಿದವರಲ್ಲಿ ಕಾನೂನು ವಿದ್ಯಾರ್ಥಿಗಳಿದ್ದರು, ಶಿಕ್ಷಕರಿದ್ದರು, ಕಾಫಿ ಬೆಳೆಗಾರರಿದ್ದರು, ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಕಳುಹಿಸಿ ಫೋನಿಗಾಗಿ ಕಾಯುವ ತಾಯಂದಿರೂ ಇದ್ದರು.

ಅಂತರರಾಷ್ಟ್ರೀಯ ಕಾನೂನಿನಲ್ಲಿ ‘ಗಂಭೀರ ಅಪರಾಧ’ ಎಂದರೆ ಯಾವುವು?

ನರಮೇಧ, ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ ಮತ್ತು ಆಕ್ರಮಣದ ಅಪರಾಧ, ಈ ನಾಲ್ಕು ಮೊದಲ ಸಾಲಿನಲ್ಲಿ ಬರುತ್ತವೆ. ಚಿತ್ರಹಿಂಸೆ ಮತ್ತು ಬಲವಂತದ ಕಣ್ಮರೆಗೆ ಬೇರೆಯೇ ಒಪ್ಪಂದಗಳಿವೆ. ಮಾನವ ಕಳ್ಳಸಾಗಣೆ, ಸಂಘಟಿತ ಅಪರಾಧ ಮತ್ತು ಭಯೋತ್ಪಾದನೆ ಗಡಿ ದಾಟಿ ನಡೆಯುವ ಅಪರಾಧಗಳಾದ್ದರಿಂದ ಅವುಗಳ ತನಿಖೆಗೂ ಹಲವು ದೇಶಗಳು ಕೈಜೋಡಿಸಬೇಕಾಗುತ್ತದೆ.

ನೆದರ್ಲೆಂಡ್ಸ್‌ನ ದಿ ಹೇಗ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯಕ್ಕೂ ಮಲೆನಾಡಿನ ನಮಗೂ ಏನು ಸಂಬಂಧ?

ಈ ಪ್ರಶ್ನೆಯನ್ನು ಕೇಳದ ಸಭೆಯೇ ಇಲ್ಲ. ಸಂಬಂಧ ಎರಡು ಬಗೆಯದು. ಇಲ್ಲಿ ಅಪರಾಧ ಮಾಡಿದವರು ವಿಮಾನ ಹತ್ತಿ ಹೋಗಬಲ್ಲರು, ಇಲ್ಲಿಂದ ದುಡಿಯಲು ಹೋದವರು ಅಲ್ಲಿ ಅಪರಾಧಕ್ಕೆ ಬಲಿಯಾಗಬಲ್ಲರು. 2013ರಲ್ಲಿ ಅಂಕೋಲಾದಲ್ಲಿ ನಡೆದ ಉದ್ಯಮಿಯೊಬ್ಬರ ಕೊಲೆ ಪ್ರಕರಣದಲ್ಲಿ ಬನ್ನಂಜೆ ರಾಜನನ್ನು 2015ರಲ್ಲಿ ಮೊರಾಕ್ಕೊದಿಂದ ಕರೆತಂದದ್ದು ಕರ್ನಾಟಕದ ಪೊಲೀಸರೇ. 2022ರಲ್ಲಿ ಬೆಳಗಾವಿಯ ವಿಶೇಷ ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2020ರಲ್ಲಿ ಭೂಗತ ಪಾತಕಿ ರವಿ ಪೂಜಾರಿಯನ್ನು ಸೆನೆಗಲ್‌ನಿಂದ ಬೆಂಗಳೂರಿಗೆ ತರಲಾಯಿತು. ಈ ಎರಡೂ ಪ್ರಕರಣಗಳಲ್ಲಿ ಆಫ್ರಿಕದ ದೇಶವೊಂದರ ಅಧಿಕಾರಿಗಳು ಕನ್ನಡನಾಡಿನ ಠಾಣೆಗಳಲ್ಲಿ ದಾಖಲಾದ ದೂರುಗಳ ಆಧಾರದ ಮೇಲೆ ತೀರ್ಮಾನ ತೆಗೆದುಕೊಳ್ಳಬೇಕಾಯಿತು. ಮುಂದಿನ ಉತ್ತರಗಳಲ್ಲಿ ನಾನು ಮತ್ತೆ ಮತ್ತೆ ಹೇಳಬೇಕೆಂದಿರುವ ಮಾತೂ ಇದೇ: ದೇಶ ದೇಶಗಳ ಸಹಕಾರವು ರಾಜಧಾನಿಗಳಲ್ಲಿ ಸಹಿಯಾಗುವ ಒಪ್ಪಂದದಿಂದ ಎಷ್ಟು ನಡೆಯುತ್ತದೆಯೋ, ತಾಲ್ಲೂಕಿನ ಠಾಣೆಯಲ್ಲಿ ಬರೆದ ಹೇಳಿಕೆ ಮತ್ತು ಮಹಜರಿನಿಂದಲೂ ಅಷ್ಟೇ ನಡೆಯುತ್ತದೆ.

ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದಲ್ಲಿ ಭಾರತ ಇದೆಯೇ?

ಇಲ್ಲ. 1998ರ ಜುಲೈ 17ರಂದು ರೋಮ್‌ನಲ್ಲಿ ಈ ನ್ಯಾಯಾಲಯದ ಕಾಯ್ದೆಯನ್ನು ಮತಕ್ಕೆ ಹಾಕಿದಾಗ 120 ದೇಶಗಳು ಪರವಾಗಿಯೂ 7 ದೇಶಗಳು ವಿರುದ್ಧವಾಗಿಯೂ ಮತ ಹಾಕಿದವು, 21 ದೇಶಗಳು ತಟಸ್ಥವಾಗಿ ಉಳಿದವು. ತಟಸ್ಥರಲ್ಲಿ ಭಾರತವೂ ಒಂದು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಈ ನ್ಯಾಯಾಲಯದ ಮೇಲೆ ಅಧಿಕಾರ ಕೊಟ್ಟದ್ದು ಮತ್ತು ಅಣ್ವಸ್ತ್ರ ಬಳಕೆಯನ್ನು ಅಪರಾಧಗಳ ಪಟ್ಟಿಗೆ ಸೇರಿಸದೆ ಬಿಟ್ಟದ್ದು ಆಗ ಭಾರತ ಎತ್ತಿದ ಆಕ್ಷೇಪಗಳಲ್ಲಿ ಮುಖ್ಯವಾದವು. ಮೊದಲನೆಯ ಆಕ್ಷೇಪದಲ್ಲಿ ತೂಕವಿದೆ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ತಾನು ಸದಸ್ಯನಾಗಿಲ್ಲದ ನ್ಯಾಯಾಲಯಕ್ಕೆ ಬೇರೆ ದೇಶದವರನ್ನು ಒಪ್ಪಿಸುವ ಅಧಿಕಾರ ಕೆಲವೇ ದೇಶಗಳ ಕೈಯಲ್ಲಿರುವುದು ಸಮಾನ ನ್ಯಾಯವೆನಿಸುವುದಿಲ್ಲ. ಆದರೂ 2011ರಲ್ಲಿ ಭದ್ರತಾ ಮಂಡಳಿಯ ತಾತ್ಕಾಲಿಕ ಸದಸ್ಯನಾಗಿದ್ದಾಗ ಲಿಬಿಯಾದ ವಿಷಯವನ್ನು ಇದೇ ನ್ಯಾಯಾಲಯಕ್ಕೆ ಒಪ್ಪಿಸುವ ನಿರ್ಣಯದ ಪರವಾಗಿ ಭಾರತವೂ ಮತ ಹಾಕಿತ್ತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಆ ನ್ಯಾಯಾಲಯ ವಾರಂಟ್ ಹೊರಡಿಸಿದರೂ ಆರೋಪಿಗಳು ಏಕೆ ಓಡಾಡಿಕೊಂಡಿರುತ್ತಾರೆ?

ಅದಕ್ಕೆ ಸ್ವಂತ ಪೊಲೀಸರಿಲ್ಲ. ಹದಿನೆಂಟು ನ್ಯಾಯಾಧೀಶರು, ಒಂದು ಪ್ರಾಸಿಕ್ಯೂಟರ್ ಕಚೇರಿ, ಒಂದು ಬಂದೀಖಾನೆ ಇವೆ. ಹಿಡಿದು ತಂದೊಪ್ಪಿಸುವ ಕೆಲಸ ಸದಸ್ಯ ದೇಶಗಳದು. ನಮ್ಮ ಮ್ಯಾಜಿಸ್ಟ್ರೇಟರು ಹೊರಡಿಸಿದ ಜಾಮೀನುರಹಿತ ವಾರಂಟ್ ಜಾರಿಯಾಗದೆ ವಾಪಸ್ ಬಂದಾಗ ಕಕ್ಷಿದಾರರಿಗೆ ಆಗುವ ನಿರಾಸೆ ಎಂಥದ್ದೆಂದು ಕೋರ್ಟಿನ ವರಾಂಡದಲ್ಲಿ ನಿಂತವರಿಗೆಲ್ಲ ಗೊತ್ತು. ದಿ ಹೇಗ್‌ನಲ್ಲಿ ಅದೇ ನಿರಾಸೆ ಒಂದು ದೇಶದ ಜನರೆಲ್ಲರದ್ದಾಗುತ್ತದೆ.

ಸುಡಾನಿನ ಅಧ್ಯಕ್ಷರಾಗಿದ್ದ ಒಮರ್ ಅಲ್ ಬಷೀರ್ ಅವರ ಮೇಲೆ ಡಾರ್ಫುರ್ ಪ್ರದೇಶದ ಅಪರಾಧಗಳಿಗಾಗಿ 2009 ಮತ್ತು 2010ರಲ್ಲಿ ವಾರಂಟ್‌ಗಳು ಹೊರಟವು. 2015ರ ಜೂನ್‌ನಲ್ಲಿ ಅವರು ಸದಸ್ಯ ದೇಶವಾದ ದಕ್ಷಿಣ ಆಫ್ರಿಕಕ್ಕೆ ಸಮ್ಮೇಳನಕ್ಕೆಂದು ಹೋದರು, ಅಲ್ಲಿನ ನ್ಯಾಯಾಲಯವೇ ಅವರನ್ನು ದೇಶ ಬಿಡಲು ಬಿಡಬಾರದೆಂದು ಆದೇಶಿಸಿದ್ದರೂ ಅವರ ವಿಮಾನ ಹಾರಿಹೋಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಭಾರತ-ಆಫ್ರಿಕ ಶೃಂಗಸಭೆಗೆ ಅವರು ದೆಹಲಿಗೂ ಬಂದು ಹೋದರು. ಭಾರತ ಸದಸ್ಯ ದೇಶವಲ್ಲದ್ದರಿಂದ ರೋಮ್ ಕಾಯ್ದೆಯಡಿ ಬಂಧಿಸಬೇಕಾದ ಬಾಧ್ಯತೆ ನಮಗಿರಲಿಲ್ಲ. ಕಾನೂನಿನ ಉತ್ತರ ಅಷ್ಟೇ ಆದರೂ ಡಾರ್ಫುರ್‌ನಲ್ಲಿ ಊರು ಸುಟ್ಟು ನಿರಾಶ್ರಿತರಾದವರ ಕಣ್ಣಿಗೆ ಆ ಭೇಟಿ ಹೇಗೆ ಕಂಡಿರಬಹುದೆಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ಇದಕ್ಕೆ ಎದುರಾಗಿ 2025ರ ಮಾರ್ಚ್ 11ರಂದು ಫಿಲಿಪ್ಪೀನ್ಸ್‌ನ ಮಾಜಿ ಅಧ್ಯಕ್ಷ ರೊಡ್ರಿಗೊ ಡುಟರ್ಟೆ ಅವರನ್ನು ಮನಿಲಾ ವಿಮಾನ ನಿಲ್ದಾಣದಲ್ಲಿ ಬಂಧಿಸಿ ದಿ ಹೇಗ್‌ಗೆ ಕಳುಹಿಸಲಾಯಿತು. ಆ ದೇಶ 2019ರಲ್ಲೇ ಸದಸ್ಯತ್ವ ಬಿಟ್ಟಿತ್ತು. ಆದರೆ ಸದಸ್ಯನಾಗಿದ್ದ ಕಾಲದಲ್ಲಿ ನಡೆದ ಕೃತ್ಯಗಳ ಆರೋಪವಾದ್ದರಿಂದ ಪ್ರಕರಣ ಉಳಿದುಕೊಂಡಿತ್ತು.

ಆ ನ್ಯಾಯಾಲಯವನ್ನು ಬಿಟ್ಟರೆ ಬೇರೆ ದಾರಿಯೇ ಇಲ್ಲವೇ?

ಇದೆ, ಮತ್ತು ನನ್ನ ಮಟ್ಟಿಗೆ ಆ ದಾರಿಯೇ ಹೆಚ್ಚು ಆಶಾದಾಯಕವಾದದ್ದು. ಕೆಲವು ಅಪರಾಧಗಳನ್ನು ಯಾವ ದೇಶದವರು ಎಲ್ಲಿ ಮಾಡಿದ್ದರೂ ಇನ್ನೊಂದು ದೇಶದ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಬಹುದು. ಇದನ್ನು ಸಾರ್ವತ್ರಿಕ ನ್ಯಾಯವ್ಯಾಪ್ತಿ ಎನ್ನುತ್ತಾರೆ. ಸಿರಿಯಾದ ಬಂದೀಖಾನೆಯೊಂದರಲ್ಲಿ ನಡೆದ ಚಿತ್ರಹಿಂಸೆಗೆ ಹೊಣೆಯಾದ ಅನ್ವರ್ ರಸ್ಲಾನ್ ಎಂಬ ಅಧಿಕಾರಿಗೆ ಜರ್ಮನಿಯ ಕೋಬ್ಲೆಂಜ್ ನ್ಯಾಯಾಲಯ 2022ರ ಜನವರಿಯಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ನಿರಾಶ್ರಿತರಾಗಿ ಜರ್ಮನಿಗೆ ಬಂದಿದ್ದ ಸಂತ್ರಸ್ತರೇ ಅಲ್ಲಿ ಸಾಕ್ಷಿ ನುಡಿದರು.

ಆದರೆ ನಾನು ಸಭೆಗಳಲ್ಲಿ ವಿವರವಾಗಿ ಹೇಳುವುದು ಚಾಡ್ ದೇಶದ ಪ್ರಕರಣವನ್ನು. 1982ರಿಂದ 1990ರವರೆಗೆ ಆ ದೇಶವನ್ನು ಆಳಿದ ಹಿಸೇನ್ ಹಬ್ರೆ ಅಧಿಕಾರ ಕಳೆದುಕೊಂಡು ಸೆನೆಗಲ್‌ಗೆ ಹೋಗಿ ನೆಲೆಸಿದ. ಅವನ ಸೆರೆಮನೆಯಿಂದ ಬದುಕಿ ಬಂದ ಸುಲೇಮಾನ್ ಗೆಂಗೆಂಗ್ ಎಂಬ ಸಾಮಾನ್ಯ ಗುಮಾಸ್ತರು ಇತರ ಸಂತ್ರಸ್ತರ ಹೇಳಿಕೆಗಳನ್ನು ಬರೆಸಿಕೊಂಡು, ಪ್ರಾಣಭಯವಿದ್ದ ಕಾಲದಲ್ಲಿ ಆ ಕಡತಗಳನ್ನು ತಮ್ಮ ಮನೆಯಲ್ಲೇ ಬಚ್ಚಿಟ್ಟು ಕಾಪಾಡಿದರು. 2001ರಲ್ಲಿ ರಾಜಧಾನಿಯಲ್ಲಿದ್ದ ರಹಸ್ಯ ಪೊಲೀಸರ ಹಳೆಯ ಕಚೇರಿಯಲ್ಲಿ ಬಂಧನ ಮತ್ತು ಸಾವುಗಳ ಸಾವಿರಾರು ದಾಖಲೆಗಳು ನೆಲದ ಮೇಲೆ ಬಿದ್ದಿದ್ದುದು ಸಿಕ್ಕಿತು. ಬೆಲ್ಜಿಯಂ ಹಸ್ತಾಂತರ ಕೇಳಿತು, ಸೆನೆಗಲ್ ಮೀನಮೇಷ ಎಣಿಸಿತು. ಕೊನೆಗೆ 2012ರ ಜುಲೈ 20ರಂದು ದೇಶ ದೇಶಗಳ ನಡುವಿನ ವ್ಯಾಜ್ಯಗಳನ್ನು ಕೇಳುವ ಅಂತರರಾಷ್ಟ್ರೀಯ ನ್ಯಾಯಾಲಯವು, ಸೆನೆಗಲ್ ಹಬ್ರೆಯನ್ನು ಇನ್ನು ತಡಮಾಡದೆ ತಾನೇ ವಿಚಾರಣೆಗೆ ಒಳಪಡಿಸಬೇಕು, ಇಲ್ಲವೇ ಹಸ್ತಾಂತರಿಸಬೇಕು ಎಂದು ತೀರ್ಪಿತ್ತಿತು. ಆಫ್ರಿಕ ಒಕ್ಕೂಟದ ಜೊತೆ ಸೇರಿ ಡಕಾರ್‌ನಲ್ಲಿ ವಿಶೇಷ ನ್ಯಾಯಪೀಠ ಸ್ಥಾಪನೆಯಾಯಿತು, 2016ರ ಮೇ 30ರಂದು ಹಬ್ರೆಗೆ ಜೀವಾವಧಿ ಶಿಕ್ಷೆಯಾಯಿತು. ಅಧಿಕಾರ ಹೋಗಿ ಇಪ್ಪತ್ತೈದು ವರ್ಷ ಕಳೆದ ಮೇಲೆ ಬಂದ ಈ ತೀರ್ಪಿಗೆ ಆಧಾರವಾದದ್ದು ಒಬ್ಬ ಗುಮಾಸ್ತರ ಮನೆಯಲ್ಲಿ ಉಳಿದ ಕಾಗದ ಮತ್ತು ಪೊಲೀಸರು ಸುಡಲು ಮರೆತ ಕಾಗದ.

ಪತ್ರಿಕೆಗಳು ‘ಗಡೀಪಾರು’ ಎನ್ನುತ್ತವೆ, ತಾವು ‘ಹಸ್ತಾಂತರ’ ಎನ್ನುತ್ತೀರಿ. ಎರಡೂ ಒಂದೇ ಅಲ್ಲವೇ?

ಅಲ್ಲ. ರೌಡಿಯೊಬ್ಬನನ್ನು ಚಿಕ್ಕಮಗಳೂರು ಜಿಲ್ಲೆಯಿಂದ ಆರು ತಿಂಗಳು ಹೊರಗಿಡುವುದು ಗಡೀಪಾರು. ವೀಸಾ ಮುಗಿದವರನ್ನು ಒಂದು ದೇಶ ಹೊರಗೆ ಕಳುಹಿಸುವುದಕ್ಕೂ ನಮ್ಮಲ್ಲಿ ಅದೇ ಪದ ಬಳಕೆಯಲ್ಲಿದೆ. ಹಸ್ತಾಂತರವೆಂದರೆ ಒಂದು ದೇಶ ಕಾನೂನುಬದ್ಧವಾಗಿ ಕೋರಿ, ಇನ್ನೊಂದು ದೇಶದ ನ್ಯಾಯಾಲಯ ಸಾಕ್ಷ್ಯವನ್ನು ಪರಿಶೀಲಿಸಿ, ಸರ್ಕಾರ ಒಪ್ಪಿ, ವಿಚಾರಣೆಗಾಗಿ ಅಥವಾ ಶಿಕ್ಷೆ ಅನುಭವಿಸಲು ಆ ವ್ಯಕ್ತಿಯನ್ನು ಒಪ್ಪಿಸುವುದು. ಭಾರತದಲ್ಲಿ ಇದಕ್ಕೆ 1962ರ ಕಾಯ್ದೆ ಇದೆ. ಆ ಕೃತ್ಯ ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು, ಯಾವ ಅಪರಾಧಕ್ಕೆಂದು ಒಪ್ಪಿಸಲಾಗಿದೆಯೋ ಅದನ್ನು ಬಿಟ್ಟು ಬೇರೆ ಹಳೆಯ ಅಪರಾಧಕ್ಕೆ ವಿಚಾರಣೆ ನಡೆಸಬಾರದು, ಇವು ಮುಖ್ಯ ನಿಯಮಗಳು.

ರೆಡ್ ಕಾರ್ನರ್ ನೋಟಿಸ್ ಹೊರಟರೆ ಎಲ್ಲಿದ್ದರೂ ಬಂಧಿಸಲೇಬೇಕಲ್ಲವೇ? ಹಾಸನದ ಪ್ರಕರಣದಲ್ಲಿ ಬಂದದ್ದು ಬ್ಲೂ ಕಾರ್ನರ್ ಏಕೆ?

ಇಂಟರ್‌ಪೋಲ್ ಒಂದು ಪೊಲೀಸ್ ಪಡೆಯಲ್ಲ. ಫ್ರಾನ್ಸಿನ ಲಿಯಾನ್‌ನಲ್ಲಿ ಕಚೇರಿ ಇರುವ, 196 ಸದಸ್ಯ ದೇಶಗಳ ಪೊಲೀಸರ ನಡುವೆ ಮಾಹಿತಿ ಸಾಗಿಸುವ ಸಂಸ್ಥೆ ಅದು. ರೆಡ್ ನೋಟಿಸ್ ಎಂದರೆ ಹಸ್ತಾಂತರದ ಉದ್ದೇಶದಿಂದ ಈ ವ್ಯಕ್ತಿಯನ್ನು ಪತ್ತೆ ಹಚ್ಚಿ ತಾತ್ಕಾಲಿಕವಾಗಿ ಬಂಧಿಸಿ ಎಂಬ ಕೋರಿಕೆ. ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಬ್ಲೂ ನೋಟಿಸ್ ಎಂದರೆ ಆ ವ್ಯಕ್ತಿ ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬ ಮಾಹಿತಿ ಕೊಡಿ ಎಂಬ ಕೋರಿಕೆ. ತನಿಖೆ ಆರಂಭದ ಹಂತದಲ್ಲಿರುವಾಗ ಮೊದಲು ಹೊರಡುವುದು ಸಾಮಾನ್ಯವಾಗಿ ಇದೇ.

2024ರ ಏಪ್ರಿಲ್ ಕೊನೆಯಲ್ಲಿ ಹಾಸನದ ಅಂದಿನ ಸಂಸದರು ಲೈಂಗಿಕ ದೌರ್ಜನ್ಯದ ಆರೋಪಗಳು ಹೊರಬಂದ ದಿನಗಳಲ್ಲಿ ರಾಜತಾಂತ್ರಿಕ ಪಾಸ್‌ಪೋರ್ಟ್‌ನಲ್ಲಿ ಜರ್ಮನಿಗೆ ತೆರಳಿದರು. ರಾಜ್ಯದ ವಿಶೇಷ ತನಿಖಾ ತಂಡದ ಕೋರಿಕೆಯಂತೆ ಸಿಬಿಐ ಮೂಲಕ ಬ್ಲೂ ಕಾರ್ನರ್ ನೋಟಿಸ್ ಹೊರಟಿತು. ಮೇ 31ರಂದು ಅವರು ಮರಳಿದಾಗ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬಂಧನವಾಯಿತು. 2025ರ ಆಗಸ್ಟ್‌ನಲ್ಲಿ ಒಂದು ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಆ ಒಂದು ತಿಂಗಳು ನಮ್ಮ ಜಿಲ್ಲೆಯ ಎಷ್ಟೋ ಹೆಣ್ಣುಮಕ್ಕಳು ಯಾವ ಆತಂಕದಲ್ಲಿ ಮನೆಯೊಳಗೆ ಕುಳಿತಿದ್ದರೆಂಬುದನ್ನು ಕಂಡವನಾಗಿ ಹೇಳುತ್ತೇನೆ: ಹೆಸರು ಹೊರಬರದಂತೆ ಸಂತ್ರಸ್ತೆಯನ್ನು ಕಾಪಾಡುವುದು ತನಿಖೆಯ ಭಾಗವೇ, ಅದೇನೂ ಉಪಕಾರವಲ್ಲ. ಆರೋಪಿ ವಿದೇಶದಲ್ಲಿರುವಾಗ ಇಲ್ಲಿ ಸಾಕ್ಷಿ ಹೆದರಿ ಹಿಂದೆ ಸರಿದರೆ ಯಾವ ನೋಟಿಸ್ ಇದ್ದೂ ಪ್ರಯೋಜನವಿಲ್ಲ.

ಇಷ್ಟು ದೊಡ್ಡ ಅಪರಾಧಿಗಳನ್ನು ಕೊಡಲು ಬೇರೆ ದೇಶಗಳು ನಿರಾಕರಿಸುವುದೇಕೆ?

ಈ ಪ್ರಶ್ನೆಯಲ್ಲಿ ಸಿಟ್ಟಿರುತ್ತದೆ, ಆ ಸಿಟ್ಟು ಸಹಜ. ಭೋಪಾಲ್ ಅನಿಲ ದುರಂತದ ಆರೋಪಿ ವಾರನ್ ಆಂಡರ್ಸನ್ ಅವರನ್ನು ಅಮೆರಿಕ ಒಪ್ಪಿಸಲೇ ಇಲ್ಲ, 2014ರಲ್ಲಿ ಅವರು ವಿಚಾರಣೆ ಎದುರಿಸದೆಯೇ ತೀರಿಕೊಂಡರು. ಆದರೆ ಎಲ್ಲ ನಿರಾಕರಣೆಗೂ ಬಲಾಢ್ಯ ದೇಶದ ದರ್ಪವೇ ಕಾರಣವಲ್ಲ. ವಿಮಾನದಿಂದ ಶಸ್ತ್ರಾಸ್ತ್ರ ಉದುರಿಸಿದ 1995ರ ಪುರುಲಿಯಾ ಪ್ರಕರಣದ ಆರೋಪಿ ಕಿಮ್ ಡೇವಿಯನ್ನು ಒಪ್ಪಿಸಲು ಡೆನ್ಮಾರ್ಕ್ ಸರ್ಕಾರ ಸಿದ್ಧವಿತ್ತು, ಅಲ್ಲಿನ ಹೈಕೋರ್ಟ್ 2011ರಲ್ಲಿ ತಡೆಯಿತು. ಭಾರತದ ಕಸ್ಟಡಿಯಲ್ಲಿ ಚಿತ್ರಹಿಂಸೆಯಾಗುವ ಅಪಾಯವಿದೆ ಎಂಬುದು ಕಾರಣ. 2024ರಲ್ಲಿ ಮತ್ತೆ ಕೋರಿದಾಗಲೂ ಅಲ್ಲಿನ ನ್ಯಾಯಾಲಯ ಒಪ್ಪಲಿಲ್ಲ. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಆದರೆ ಅನುಮೋದಿಸಿಲ್ಲ. ಲಾಕಪ್‌ನಲ್ಲಿ ಬೀಳುವ ಒಂದೊಂದು ಏಟೂ ನಾಳೆ ಲಂಡನ್‌ನಲ್ಲೋ ಕೋಪನ್‌ಹೇಗನ್‌ನಲ್ಲೋ ಆರೋಪಿಯ ವಕೀಲರ ಕೈಗೆ ಸಿಗುವ ವಾದವಾಗುತ್ತದೆ. ಕಸ್ಟಡಿ ಹಿಂಸೆಯನ್ನು ನಿಲ್ಲಿಸುವುದು ಸಂತ್ರಸ್ತರ ಹಿತಕ್ಕೇ ಬೇಕಾದದ್ದು ಎಂದು ನಾನು ಪೊಲೀಸ್ ಮಿತ್ರರಿಗೂ ಹೇಳುತ್ತಿರುತ್ತೇನೆ.

ಕೊಟ್ಟ ಮಾತಿಗೆ ನಡೆದುಕೊಳ್ಳುವುದೂ ಅಷ್ಟೇ ಮುಖ್ಯ. ಮುಂಬೈ ಸರಣಿ ಸ್ಫೋಟ ಪ್ರಕರಣದ ಅಬು ಸಲೇಂನನ್ನು 2005ರಲ್ಲಿ ಪೋರ್ಚುಗಲ್ ಒಪ್ಪಿಸಿದ್ದು, ಮರಣದಂಡನೆಯಾಗಲಿ 25 ವರ್ಷ ಮೀರಿದ ಸೆರೆವಾಸವಾಗಲಿ ಇರುವುದಿಲ್ಲ ಎಂಬ ಭಾರತ ಸರ್ಕಾರದ ಭರವಸೆಯ ಮೇಲೆ. ಆ ಭರವಸೆಗೆ ಕೇಂದ್ರ ಸರ್ಕಾರ ಬದ್ಧವಾಗಿರಬೇಕೆಂದು 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂಥವನಿಗೆ ಇಂಥ ರಿಯಾಯಿತಿ ಏಕೆ ಎಂದು ಕೇಳುವವರಿದ್ದಾರೆ. ಆ ಮಾತು ಮುರಿದರೆ ಮುಂದಿನ ಆರೋಪಿಯನ್ನು ಯಾವ ದೇಶವೂ ನಮಗೆ ಒಪ್ಪಿಸುವುದಿಲ್ಲ ಎಂಬುದೇ ಉತ್ತರ.

ಸಾಕ್ಷ್ಯವನ್ನು ಒಂದು ದೇಶದಿಂದ ಇನ್ನೊಂದಕ್ಕೆ ಹೇಗೆ ತರಿಸಿಕೊಳ್ಳುತ್ತಾರೆ?

ನಮ್ಮ ತನಿಖಾಧಿಕಾರಿ ನೇರವಾಗಿ ವಿದೇಶದ ಬ್ಯಾಂಕಿಗೋ ಠಾಣೆಗೋ ಪತ್ರ ಬರೆದರೆ ಬರುವ ಮಾಹಿತಿ ಸುಳಿವಾಗಬಹುದು, ಸಾಕ್ಷ್ಯವಾಗುವುದು ಕಷ್ಟ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 112ನೇ ಕಲಮಿನಡಿ ತನಿಖಾಧಿಕಾರಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ನ್ಯಾಯಾಲಯ ಕೋರಿಕೆ ಪತ್ರ ಹೊರಡಿಸಬೇಕು. ವಕೀಲರು ಇದನ್ನು ಇಂದಿಗೂ ‘ಲೆಟರ್ ರೊಗೇಟರಿ’ ಎಂದೇ ಕರೆಯುತ್ತಾರೆ. ಅದು ಕೇಂದ್ರ ಗೃಹ ಸಚಿವಾಲಯದ ಮೂಲಕ ಹೊರದೇಶಕ್ಕೆ ಹೋಗುತ್ತದೆ. ಪರಸ್ಪರ ಕಾನೂನು ನೆರವಿನ ಒಪ್ಪಂದ ಇರುವ ದೇಶವಾದರೆ ದಾರಿ ಸ್ವಲ್ಪ ಸಲೀಸು.

ತೊಡಕು ಬರುವುದು ಚಿಕ್ಕ ಸಂಗತಿಗಳಲ್ಲಿ. ನಾನು ನೆರವಾದ ಒಂದು ಪ್ರಕರಣದಲ್ಲಿ ಹೊರದೇಶದ ಅಧಿಕಾರಿಗಳು ಕಡತವನ್ನು ವಾಪಸ್ ಕಳುಹಿಸಿ ಮೂರು ವಿವರಣೆ ಕೇಳಿದ್ದರು. ಮೊದಲನೆಯದು ಊರಿನ ಹೆಸರು: 2014ರ ನವೆಂಬರ್ 1ರಂದು ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತ ಬದಲಾದ್ದರಿಂದ ಜನನ ಪ್ರಮಾಣಪತ್ರದಲ್ಲಿ ಒಂದು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ರೂಪವಿತ್ತು, ಇವೆರಡೂ ಒಂದೇ ಊರೇ ಎಂದು ಅವರು ಕೇಳಿದರು. ಎರಡನೆಯದು ಮನೆತನದ ಹೆಸರು: ನಮ್ಮ ಕಡೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಇನಿಷಿಯಲ್, ಅವರ ನಮೂನೆಯಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಬಿಡುವಂತಿಲ್ಲ. ಮೂರನೆಯದು ಸಾಕ್ಷಿಯ ಮಾತು: ‘ಅವನು ಕೈ ಮಾಡಿದ’ ಎಂದು ಹೆಂಗಸೊಬ್ಬರು ಹೇಳಿದ್ದನ್ನು ಅನುವಾದಕರು ಕೈ ಬೀಸಿ ಕರೆದನೆಂದು ಬರೆದಿದ್ದರು. ಹೊಡೆದನೆಂಬ ಅರ್ಥ ಅಲ್ಲಿಗೆ ಮುಟ್ಟಲೇ ಇಲ್ಲ. ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಇನ್ನೊಂದು ಭಾಷೆಗೆ ಹೇಳಿಕೆ ಸಾಗುವಾಗ ಎರಡು ಬಾರಿ ಸೋರುತ್ತದೆ. ಹೇಳಿಕೆ ಬರೆಯುವಾಗ ಎಲ್ಲಿ, ಯಾವುದರಿಂದ, ಎಷ್ಟು ಸಲ ಹೊಡೆದನೆಂದು ಬಿಡಿಸಿ ಬರೆಯುವ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಆ ಸೋರಿಕೆಯನ್ನು ಯಾವ ರಾಯಭಾರಿಗಿಂತಲೂ ಚೆನ್ನಾಗಿ ತಡೆಯಬಲ್ಲರು.

ಹೊಸ ಸಂಹಿತೆಯ 105ನೇ ಕಲಂ ಶೋಧನೆ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕೆನ್ನುತ್ತದೆ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಮೊಬೈಲ್, ಕಂಪ್ಯೂಟರ್ ದಾಖಲೆಗಳಿಗೆ ಪ್ರಮಾಣಪತ್ರ ಬೇಕೆನ್ನುತ್ತದೆ. ಇವನ್ನು ಕಾಟಾಚಾರಕ್ಕೆ ತುಂಬಿದ ಫಾರಂಗಳಾಗಿಸಬಾರದು. ಸಮಯವೂ ಕಾಯುವುದಿಲ್ಲ: ನಮ್ಮ ಹಸ್ತಾಂತರ ಕಾಯ್ದೆಯಲ್ಲೇ, ತಾತ್ಕಾಲಿಕವಾಗಿ ಬಂಧಿತನಾದವನ ಬಗ್ಗೆ 60 ದಿನಗಳೊಳಗೆ ವಿಧಿವತ್ತಾದ ಕೋರಿಕೆ ಬಾರದಿದ್ದರೆ ಅವನನ್ನು ಬಿಡಬೇಕೆಂದಿದೆ. ಬೇರೆ ದೇಶಗಳಲ್ಲೂ ಇಂಥ ಗಡುವುಗಳಿವೆ.

ಈ ಸಹಕಾರಕ್ಕೆ ಹೊಸ ಒಪ್ಪಂದವೇನಾದರೂ ಬಂದಿದೆಯೇ?

ಬಂದಿದೆ. ನರಮೇಧ, ಮಾನವತೆಯ ವಿರುದ್ಧದ ಅಪರಾಧ ಮತ್ತು ಯುದ್ಧಾಪರಾಧಗಳ ತನಿಖೆಯಲ್ಲಿ ದೇಶಗಳು ಪರಸ್ಪರ ನೆರವಾಗುವ ಕುರಿತ ಲ್ಯುಬ್ಲಿಯಾನಾ-ಹೇಗ್ ಒಪ್ಪಂದವನ್ನು 2023ರ ಮೇ 26ರಂದು ಸ್ಲೊವೇನಿಯಾದಲ್ಲಿ ಅಂಗೀಕರಿಸಲಾಯಿತು, 2024ರ ಫೆಬ್ರುವರಿಯಲ್ಲಿ ದಿ ಹೇಗ್‌ನಲ್ಲಿ ಸಹಿಗೆ ತೆರೆಯಲಾಯಿತು. ಸಾಕ್ಷ್ಯ ವಿನಿಮಯ, ಜಂಟಿ ತನಿಖಾ ತಂಡ, ವಿಡಿಯೊ ಮೂಲಕ ಸಾಕ್ಷಿ ವಿಚಾರಣೆ, ಹಸ್ತಾಂತರ, ಸಂತ್ರಸ್ತರ ರಕ್ಷಣೆ ಎಲ್ಲವೂ ಅದರಲ್ಲಿವೆ. ಇದಲ್ಲದೆ ಮಾನವತೆಯ ವಿರುದ್ಧದ ಅಪರಾಧಗಳ ಬಗ್ಗೆಯೇ ಪ್ರತ್ಯೇಕ ಒಪ್ಪಂದ ರೂಪಿಸಲು 2028 ಮತ್ತು 2029ರಲ್ಲಿ ಸಮ್ಮೇಳನ ನಡೆಸಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ 2024ರ ಡಿಸೆಂಬರ್‌ನಲ್ಲಿ ತೀರ್ಮಾನಿಸಿದೆ.

ನಮ್ಮ ಮನೆಯೊಳಗಿನ ಕೊರತೆಯನ್ನೂ ಹೇಳಬೇಕು. ನರಮೇಧದ ವಿರುದ್ಧದ 1948ರ ಒಪ್ಪಂದವನ್ನು ಭಾರತ 1959ರಲ್ಲೇ ಅನುಮೋದಿಸಿದೆ, ಆದರೆ ನರಮೇಧವಾಗಲಿ ಮಾನವತೆಯ ವಿರುದ್ಧದ ಅಪರಾಧವಾಗಲಿ ನಮ್ಮ ದಂಡಸಂಹಿತೆಯಲ್ಲಿ ಇಂದಿಗೂ ಪ್ರತ್ಯೇಕ ಅಪರಾಧವಲ್ಲ. 1984ರ ಸಿಖ್ಖರ ಹತ್ಯೆಗೆ ಸಂಬಂಧಿಸಿದಂತೆ ಸಜ್ಜನ್ ಕುಮಾರ್ ಅವರನ್ನು ದೋಷಿ ಎಂದು ಘೋಷಿಸಿದ 2018ರ ಡಿಸೆಂಬರ್ 17ರ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್ ಈ ಲೋಪವನ್ನು ತುರ್ತಾಗಿ ಸರಿಪಡಿಸಬೇಕೆಂದು ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಆ ಅವಕಾಶವನ್ನು ಕೈಬಿಟ್ಟದ್ದು ನನಗೆ ನೋವಿನ ಸಂಗತಿ.

ಆರೋಪಿ ಸಿಗದಿದ್ದರೆ ಅವನಿಲ್ಲದೆಯೇ ವಿಚಾರಣೆ ನಡೆಸಬಹುದೇ?

ನಾಗರಿಕ ಸುರಕ್ಷಾ ಸಂಹಿತೆಯ 356ನೇ ಕಲಂ ಘೋಷಿತ ಅಪರಾಧಿಗಳ, ಅಂದರೆ ತಲೆಮರೆಸಿಕೊಂಡಿದ್ದಾರೆಂದು ನ್ಯಾಯಾಲಯ ಘೋಷಿಸಿದ ಆರೋಪಿಗಳ ವಿಷಯದಲ್ಲಿ ಇದಕ್ಕೆ ಅವಕಾಶ ಕೊಟ್ಟಿದೆ. ದೋಷಾರೋಪ ನಿಗದಿಯಾಗಿ 90 ದಿನ ಕಳೆದಿರಬೇಕು, ಕನಿಷ್ಠ 30 ದಿನಗಳ ಅಂತರದಲ್ಲಿ ಎರಡು ವಾರಂಟ್ ಹೊರಟಿರಬೇಕು. ಆರೋಪಿಗೆ ವಕೀಲರಿಲ್ಲದಿದ್ದರೆ ಸರ್ಕಾರವೇ ಒದಗಿಸಬೇಕು. ಇದನ್ನು ಅವಸರದಲ್ಲಿ ಬಳಸಿದರೆ ಮುಂದೆ ಹಸ್ತಾಂತರ ಕೇಳುವಾಗ ಅದೇ ನಮಗೆ ಅಡ್ಡಿಯಾಗಬಹುದು.

ಇಷ್ಟು ವರ್ಷ ಕಳೆದ ಮೇಲೆ ನ್ಯಾಯ ಸಿಕ್ಕರೆ ಏನು ಫಲ?

ವಿಳಂಬಕ್ಕೆ ಬೆಲೆ ತೆರಲೇಬೇಕಾಗುತ್ತದೆ. ರುವಾಂಡದ 1994ರ ನರಮೇಧದ ಆರೋಪಿ ಫೆಲಿಸಿಯನ್ ಕಬುಗಾ 2020ರ ಮೇನಲ್ಲಿ ಪ್ಯಾರಿಸ್ ಬಳಿ ಸಿಕ್ಕಿಬಿದ್ದಾಗ ಮುದುಕನಾಗಿದ್ದ. 2023ರಲ್ಲಿ ಅವನ ಮನಸ್ಸು ವಿಚಾರಣೆ ಎದುರಿಸುವ ಸ್ಥಿತಿಯಲ್ಲಿಲ್ಲವೆಂದು ನ್ಯಾಯಾಧೀಶರು ತೀರ್ಮಾನಿಸಿದರು, ದೋಷಿಯೋ ನಿರ್ದೋಷಿಯೋ ಎಂಬ ತೀರ್ಪು ಬರಲಿಲ್ಲ. ಹಾಗೆಂದು ಹುಡುಕದೆ ಬಿಟ್ಟಿದ್ದರೆ ಅವನು ಬಾಡಿಗೆ ಮನೆಯಲ್ಲಿ ಸುಳ್ಳು ಹೆಸರಿನಲ್ಲಿ ನೆಮ್ಮದಿಯಾಗಿ ಸಾಯುತ್ತಿದ್ದ. ರೋಮ್ ಕಾಯ್ದೆಯಡಿ ಈ ಅಪರಾಧಗಳಿಗೆ ಕಾಲಮಿತಿಯೇ ಇಲ್ಲದಿರುವುದು ಇದಕ್ಕಾಗಿಯೇ.

ನಮ್ಮ ಮನೆಯವರು ಹೊರದೇಶದಲ್ಲಿ ಇಂಥ ಅಪರಾಧಕ್ಕೆ ಸಿಲುಕಿದರೆ ನಾವು ಇಲ್ಲಿಂದ ಏನು ಮಾಡಬಹುದು?

ಡೇಟಾ ಎಂಟ್ರಿ ಕೆಲಸವೆಂದು ಥಾಯ್ಲೆಂಡಿಗೆ ಕರೆಸಿಕೊಂಡು, ಮ್ಯಾನ್ಮಾರ್ ಗಡಿಯೊಳಗೆ ಕೂಡಿಹಾಕಿ, ಆನ್‌ಲೈನ್ ವಂಚನೆ ಮಾಡಿಸುವ ಜಾಲಗಳ ಸುದ್ದಿ ನೀವು ಓದಿರುತ್ತೀರಿ. 2025ರ ಮಾರ್ಚ್‌ನಲ್ಲಿ ಅಲ್ಲಿಂದ ಬಿಡುಗಡೆಯಾದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು. ಮನೆಯವರಿಗೆ ಸುಳಿವು ಸಿಕ್ಕ ದಿನವೇ ಹತ್ತಿರದ ಠಾಣೆಯಲ್ಲಿ ದೂರು ಕೊಡಿ. ಘಟನೆ ವಿದೇಶದ್ದು, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಹೇಳಿದರೆ, ಭಾರತದ ಪ್ರಜೆ ಹೊರದೇಶದಲ್ಲಿ ಮಾಡಿದ ಅಪರಾಧವನ್ನು ಇಲ್ಲಿ ದಾಖಲಿಸಿದ ಸ್ಥಳದಲ್ಲೇ ನಡೆಸಬಹುದೆಂಬ ಸುರಕ್ಷಾ ಸಂಹಿತೆಯ 208ನೇ ಕಲಮನ್ನು ವಿನಯದಿಂದಲೇ ತೋರಿಸಿ. ವಿಚಾರಣೆಗೆ ಕೇಂದ್ರದ ಪೂರ್ವಾನುಮತಿ ಬೇಕು, ತನಿಖೆಗೆ ಬೇಡ ಎಂಬುದನ್ನು ಸುಪ್ರೀಂ ಕೋರ್ಟ್ 2011ರಲ್ಲೇ ಹಳೆಯ ಸಂಹಿತೆಯಡಿ ಸ್ಪಷ್ಟಪಡಿಸಿದೆ. ಕೆಲಸ ಕೊಡಿಸಿದ ಏಜೆಂಟ್ ಹಾಸನದವನೋ ಮಂಗಳೂರಿನವನೋ ಆಗಿದ್ದರೆ ಅಪರಾಧದ ಒಂದು ಭಾಗ ಇಲ್ಲೇ ನಡೆದಿರುತ್ತದೆ, ಅದನ್ನು ದೂರಿನಲ್ಲಿ ಮೊದಲೇ ಬರೆಯಿರಿ.

ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಆ ದೇಶದ ಭಾರತೀಯ ರಾಯಭಾರ ಕಚೇರಿಗೂ ಪತ್ರ ಬರೆಯಿರಿ. ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವಕೀಲರನ್ನು ಇಡಲು ಶಕ್ತಿಯಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು. ಪಾಸ್‌ಪೋರ್ಟ್ ಪ್ರತಿ, ಟಿಕೆಟ್, ಏಜೆಂಟ್‌ಗೆ ಹಣ ಕಳುಹಿಸಿದ ರಸೀದಿ, ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶಗಳು, ಇವಾವುದನ್ನೂ ಅಳಿಸಬೇಡಿ. ಆ ಮೊಬೈಲನ್ನು ಮಾರಬೇಡಿ, ರಿಪೇರಿಗೂ ಕೊಡಬೇಡಿ, ಠಾಣೆಗೆ ಒಪ್ಪಿಸಿದರೆ ಜಪ್ತಿ ಮಹಜರಿನ ಪ್ರತಿಯನ್ನು ಕೇಳಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ.